ಪೆರಾಬೆ ಗುಡ್ಡೆಯಲ್ಲಿ ಎಂಥ ಉಂಟು?

ಕಡಬ ಬಸ್ಸು ಉಪ್ಪಿನಂಗಡಿ ಬಿಟ್ಟು ಆತೂರು ದಾಟಿ ಆಲಂಕಾರಿನ ಕಡೆಗೆ ಹೊರಟಿತೆಂದರೆ ಒಳಗೆ ಮಾತಿಗೆ ಬರವಿಲ್ಲ. ಅಡಿಕೆ ಧಾರಣೆ, ಎಲೆಚುಕ್ಕೆ ರೋಗ, ಬೋರ್‌ವೆಲ್‌ನವನ ಬಿಲ್ಲು, ಬೆಂಗಳೂರು ಸೇರಿದ ಮಗ, ಗಲ್ಫಿನಿಂದ ಬಂದ ಅಳಿಯ, ಎಲ್ಲವೂ ಒಂದು ಸುತ್ತು ಆಗುತ್ತದೆ. ಪೆರಾಬೆ ಹತ್ತಿರವಾಗುವಾಗ ಯಾರಾದರೊಬ್ಬರು ಕಿಟಕಿಯ ಹೊರಗೆ ಕೈ ತೋರಿಸಿ ಹೇಳುವ ಮಾತೊಂದಿದೆ: “ಎಂಥ ಉಂಟು ಮಾರಾಯ್ರೇ ನಮ್ಮಲ್ಲಿ? ಬರೇ ಗುಡ್ಡೆ!”

ಮಾತು ಸುಳ್ಳೂ ಅಲ್ಲ. ತಗ್ಗಿನ ಬೈಲಿನಲ್ಲಿ ಅಡಿಕೆ ತೋಟ, ಇಳಿಜಾರಿನಲ್ಲಿ ರಬ್ಬರು, ಅದಕ್ಕೂ ಮೇಲೆ ಗೇರು, ಮುಳಿಹುಲ್ಲು, ಮುರಕಲ್ಲು. ಮೊದಲು ಪುತ್ತೂರು ತಾಲೂಕು, ಈಗ ಕಡಬ ತಾಲೂಕು. ತಾಲೂಕು ಬದಲಾದರೂ ಗುಡ್ಡೆ ಬದಲಾಗಲಿಲ್ಲ. ಕುಮಾರಧಾರೆ ಅಂಥ ದೂರವೇನೂ ಇಲ್ಲ. ಆದರೆ ಹೊಳೆ ಹರಿಯುವುದು ಕೆಳಗೆ, ಮನೆ ಇರುವುದು ಮೇಲೆ. ಮಾರ್ಚ್ ಕಳೆದರೆ ಬಾವಿಯ ಹಗ್ಗಕ್ಕೆ ಎರಡು ಮಾರು ಜೋಡಿಸಬೇಕು.

ಮಳೆ ಕಡಿಮೆಯೆಂದೂ ದೂರುವಂತಿಲ್ಲ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 3,500ರಿಂದ 4,000 ಮಿಲಿಮೀಟರು ಮಳೆ ಬೀಳುತ್ತದೆ. ಕಡಿಮೆಯ ಲೆಕ್ಕವನ್ನೇ ಹಿಡಿದರೂ ಒಂದು ಎಕ್ರೆ ಜಾಗದ ಮೇಲೆ ವರ್ಷಕ್ಕೆ ಬೀಳುವ ನೀರು ಸುಮಾರು 1 ಕೋಟಿ 40 ಲಕ್ಷ ಲೀಟರು. 6,000 ಲೀಟರಿನ ಟ್ಯಾಂಕರಿನಲ್ಲಿ ತುಂಬಿಸಿದರೆ 2,300 ಟ್ಯಾಂಕರಿಗೂ ಮೇಲೆ! ಅಷ್ಟು ನೀರು ನಮ್ಮ ತಲೆಯ ಮೇಲೆಯೇ ಬಿದ್ದು, ನಮ್ಮ ಅಂಗಳದಲ್ಲೇ ಹರಿದು, ಹೊಳೆ ಸೇರಿ ಮಂಗಳೂರಿನ ಕಡಲಿಗೆ ಹೋಗುತ್ತದೆ. ಏಪ್ರಿಲಿನಲ್ಲಿ ಅದೇ ಅಂಗಳಕ್ಕೆ ದುಡ್ಡು ಕೊಟ್ಟು ಟ್ಯಾಂಕರು ತರಿಸುತ್ತೇವೆ.

ಹಾಗಾದರೆ ಗುಡ್ಡೆಯಲ್ಲಿ ಏನೂ ಇಲ್ಲವೋ, ಅಥವಾ ಇರುವುದು ನಮ್ಮ ಕಣ್ಣಿಗೆ ಬೀಳುವುದಿಲ್ಲವೋ? ಈ ಪ್ರಶ್ನೆಗೆ ಉತ್ತರ ಬೇಕಾದರೆ ಬಸ್ಸಿನಲ್ಲಿ ಇನ್ನೊಂದಿಷ್ಟು ದೂರ ಹೋಗಬೇಕು. ಪುತ್ತೂರು ದಾಟಿ, ವಿಟ್ಲ ದಾಟಿ, ಕೇರಳ ಗಡಿಯ ಹತ್ತಿರದ ಅಡ್ಯನಡ್ಕದಲ್ಲಿ ಇಳಿಯಬೇಕು. ಅಲ್ಲಿಯೂ ಇದೇ ಗುಡ್ಡೆ, ಇದೇ ಮುರಕಲ್ಲು.

ಎರಡು ಎಕ್ರೆ ಬೋಳುಗುಡ್ಡೆ

ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಕೂಲಿ ಕೆಲಸದವರು. ಅಡಿಕೆ ಮರ, ತೆಂಗಿನ ಮರ ಹತ್ತಿ ಕೊಯ್ಯುವುದು ಅವರ ಕಸುಬು. ತೋಟಗಳೆಲ್ಲ ಬೇರೆಯವರದು, ಮರವೂ ಬೇರೆಯವರದು. ಇವರದ್ದು ತೋಳು, ಕಾಲು, ಹಗ್ಗದ ತಳೆ, ಕತ್ತಿ. 1978ರಲ್ಲಿ ಅವರು ಕೆಲಸ ಮಾಡುತ್ತಿದ್ದ ತೋಟದ ಧಣಿಗಳು ಎರಡು ಎಕ್ರೆ ಜಾಗ ಕೊಟ್ಟರು. ಜಾಗವೇನೋ ಸಿಕ್ಕಿತು, ಆದರೆ ಎಂಥ ಜಾಗ? ಗುಡ್ಡೆಯ ಇಳಿಜಾರು. ಮಣ್ಣು ನಿಲ್ಲುವುದಿಲ್ಲ. ಕುಡಿಯುವುದಕ್ಕೂ ನೀರಿಲ್ಲ. ಅಂಥ ಜಾಗವನ್ನು ನೋಡಿದರೆ ಯಾರಾದರೂ ಹೇಳುವ ಮಾತು ಒಂದೇ: “ಇದರಲ್ಲಿ ಎಂಥ ಬೆಳೆಸುವುದು?”

ನಾಯ್ಕರಿಗೆ ಬೇಕಾದದ್ದು ಅಡಿಕೆ ತೋಟ. ಅಡಿಕೆಗೆ ಬೇಸಗೆಯಲ್ಲಿ ನೀರು ಬೇಕೇ ಬೇಕು. ಬಾವಿ ತೋಡಿಸಲು ಆಳು ಬೇಕು, ಆಳಿಗೆ ಮಜೂರಿ ಬೇಕು. ಬಾವಿಯಲ್ಲಿ ನೀರು ಬಂದರೂ ಮೇಲೆತ್ತಲು ಪಂಪು ಬೇಕು, ಪಂಪಿಗೆ ಕರೆಂಟು ಬೇಕು. ಒಂದೂ ಕೈಯಲ್ಲಿರಲಿಲ್ಲ. ಆದರೆ ಈ ಸೀಮೆಯ ಹಳಬರು ಬಲ್ಲ ಒಂದು ದಾರಿ ಇತ್ತು. ಅದಕ್ಕೆ ಪಿಕ್ಕಾಸು, ಬುಟ್ಟಿ, ದೀಪ, ಒಬ್ಬ ಮನುಷ್ಯ ಸಾಕು. ಅದೇ ಸುರಂಗ.

ಗುಡ್ಡೆಯ ಹೊಟ್ಟೆಗೆ ದಾರಿ

ಸುರಂಗ ಎಂದರೆ ಅಡ್ಡಕ್ಕೆ ತೋಡಿದ ಬಾವಿ. ಗುಡ್ಡೆಯ ಪಕ್ಕದಿಂದ ಒಳಗೆ, ಒಬ್ಬ ಮನುಷ್ಯ ನಿಂತು ಹೋಗುವಷ್ಟು ಎತ್ತರ, ಭುಜ ತಾಗುವಷ್ಟು ಅಗಲ. ಕಾಸರಗೋಡಿನ ಉತ್ತರ ಭಾಗ, ಬಂಟ್ವಾಳ, ಪುತ್ತೂರು ಕಡೆಯ ಮುರಕಲ್ಲಿನ ನೆಲದಲ್ಲಿ ಇದು ತಲೆಮಾರುಗಳಿಂದ ನಡೆದುಬಂದ ಕ್ರಮ. ಮಾಣಿಲದಂಥ ಊರಿನಲ್ಲಿ ಮನೆಮನೆಗೂ ಸುರಂಗ ಎನ್ನುವಷ್ಟು ಇವೆ.

ಇದರ ಲೆಕ್ಕಾಚಾರ ಇಷ್ಟೆ. ಮೇಲಿನ ಮುರಕಲ್ಲು ತೂತುತೂತಾದ ಕಲ್ಲು, ಮಳೆನೀರನ್ನು ಕೆಳಗೆ ಬಿಡುತ್ತದೆ. ಅದರ ಅಡಿಯ ಶೇಡಿ ಮಣ್ಣು ನೀರನ್ನು ಸುಲಭಕ್ಕೆ ಬಿಡುವುದಿಲ್ಲ. ಕಲ್ಲು ಮುಗಿದು ಶೇಡಿ ಸುರುವಾಗುವಲ್ಲಿ ನೀರು ನಿಂತು, ಪಕ್ಕಕ್ಕೆ ಜಾರುತ್ತದೆ. ಆ ಜಾಗಕ್ಕೆ ಸುರಂಗ ಹೋಗಿ ತಾಗಿದರೆ ಗೋಡೆ ಬೆವರುತ್ತದೆ, ಆಮೇಲೆ ತೊಟ್ಟಿಕ್ಕುತ್ತದೆ. ನೆಲಕ್ಕೆ ಹೊರಮುಖವಾಗಿ ಸ್ವಲ್ಪ ಇಳಿಜಾರು ಕೊಟ್ಟಿರುವುದರಿಂದ ನೀರು ತಾನಾಗಿ ಬಾಯಿಗೆ ಬರುತ್ತದೆ. ಅಲ್ಲೊಂದು ಟ್ಯಾಂಕಿ ಕಟ್ಟಿದರೆ ಆಯಿತು. ಪಂಪು ಬೇಡ, ಕರೆಂಟಿನ ಬಿಲ್ಲೂ ಬೇಡ.

ಎಲ್ಲಿ ತೋಡಬೇಕು ಎಂಬುದೇ ದೊಡ್ಡ ವಿದ್ಯೆ. ಬೇಸಗೆಯಲ್ಲೂ ಹಸಿರಾಗಿರುವ ಬಸರಿ, ಉಪ್ಪಳಿಗೆ, ಧೂಪದ ಮರ ಎಲ್ಲಿದೆ, ಹುತ್ತ ಎಲ್ಲಿ ಎದ್ದಿದೆ ಎಂದು ಹಳಬರು ನೋಡುತ್ತಿದ್ದರು. ನೋಡಿದರೂ ಗ್ಯಾರಂಟಿ ಇಲ್ಲ. ಕರಿಕಲ್ಲು ಅಡ್ಡ ಬಂದರೆ ಮಾಡಿದ ಕೆಲಸವೆಲ್ಲ ದಂಡ. ಮಣ್ಣು ಕುಸಿದರೆ ಜೀವಕ್ಕೇ ಅಪಾಯ. ಒಳಗೆ ಹೋದಷ್ಟೂ ಗಾಳಿ ಕಡಿಮೆ. ಹಿಡಿದ ದೀಪ ಮಂಕಾದರೆ ಹೊರಗೆ ಬರಬೇಕೆಂದು ಅರ್ಥ.

ಐದು ಸಲ ಸೋಲು

ನಾಯ್ಕರು ಹಗಲಿಗೆ ಕೂಲಿಗೆ ಹೋದರು. ಮರ ಹತ್ತಿ ಇಳಿದು ಮನೆಗೆ ಬಂದ ಮೇಲೆ ಪಿಕ್ಕಾಸು ಹಿಡಿದರು. ಕತ್ತಲಾದರೆ ದೀಪದ ಬೆಳಕು. ಅಗೆದ ಮಣ್ಣನ್ನು ತಾವೇ ಹೊತ್ತು ಹೊರಗೆ ಹಾಕಿದರು. ಒಂದು ಸುರಂಗ ತೋಡಿದರು, ನೀರಿಲ್ಲ. ಎರಡನೆಯದು, ಇಲ್ಲ. ಮೂರು, ನಾಲ್ಕು, ಐದು. ಒಂದರಲ್ಲೂ ನೀರು ಸಿಗಲಿಲ್ಲ. ಇದು ವಾರ, ತಿಂಗಳಿನ ಮಾತಲ್ಲ, ವರ್ಷಗಳ ಮಾತು. ಊರವರಲ್ಲಿ ನಕ್ಕವರು ಇದ್ದರು. ನಗದೆ ಏನು ಮಾಡಿಯಾರು? ದಿನವಿಡೀ ದುಡಿದು ಬಂದವನು ರಾತ್ರಿ ಒಣಗುಡ್ಡೆ ಕೊರೆಯುತ್ತಾ ಕೂತರೆ ಯಾರಿಗಾದರೂ ಮರುಳು ಎಂದೇ ತೋರುತ್ತದೆ.

ಆರನೆಯ ಸುರಂಗದಲ್ಲಿ ನೀರು ಬಂತು.

ಇಲ್ಲಿಗೆ ಕತೆ ಮುಗಿಸಿ ಶಹಬ್ಬಾಸ್ ಹೇಳಿ ಎದ್ದು ಹೋಗುವವರೇ ಹೆಚ್ಚು. ಆದರೆ ನೀರು ಬಂದ ಮೇಲೆಯೇ ದೊಡ್ಡ ಕೆಲಸ ಉಳಿದದ್ದು. ಇಳಿಜಾರಿನಲ್ಲಿ ಅಡಿಕೆ ಗಿಡ ನೆಟ್ಟರೆ ಮೊದಲ ಮಳೆಗೇ ಮಣ್ಣಿನ ಸಮೇತ ಕೆಳಗೆ ಬರುತ್ತದೆ. ಗುಡ್ಡೆ ಕಡಿದು ಮೆಟ್ಟಿಲು ಮೆಟ್ಟಿಲಾಗಿ ತಟ್ಟು ಮಾಡಬೇಕು. ತಟ್ಟು ನಿಲ್ಲಬೇಕಾದರೆ ಕಲ್ಲಿನ ಕಟ್ಟೆ ಬೇಕು. ಸಾವಿರಾರು ಕಲ್ಲುಗಳನ್ನು ನಾಯ್ಕರು ಹೊತ್ತು ತಂದು ಕಟ್ಟೆ ಕಟ್ಟಿದರು. ಎಲ್ಲ ಕೂಲಿ ಮುಗಿದ ಮೇಲಿನ ಹೊತ್ತಿನಲ್ಲಿ. ಮಳೆನೀರು ಇಂಗಲೆಂದು ಗುಂಡಿಗಳನ್ನೂ ತೋಡಿದರು. ಸುರಂಗದಿಂದ ತೆಗೆಯುವ ನೀರು ಗುಡ್ಡೆಗೆ ವಾಪಸು ಹೋಗಬೇಕಲ್ಲ!

ಕ್ರಮೇಣ ಆ ಬೋಳುಗುಡ್ಡೆಯಲ್ಲಿ 300ರಷ್ಟು ಅಡಿಕೆ ಮರ ಎದ್ದವು. ತೆಂಗು, ಗೇರು, ಬಾಳೆ, ಮರಕ್ಕೆ ಹಬ್ಬಿಸಿದ ಕರಿಮೆಣಸು. ಬೇರೆಯವರ ಮರ ಹತ್ತುತ್ತಿದ್ದವರು ತಮ್ಮದೇ ಮರ ಹತ್ತುವಂತಾಯಿತು. 2022ರಲ್ಲಿ ಕೇಂದ್ರ ಸರಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ದಿಲ್ಲಿಯಲ್ಲಿ ರಾಷ್ಟ್ರಪತಿಗಳ ಕೈಯಿಂದ ಪ್ರಶಸ್ತಿ ಪಡೆದದ್ದನ್ನು ಟಿ.ವಿ.ಯಲ್ಲಿ ಜಿಲ್ಲೆಯ ಜನ ನೋಡಿದರು.

ಜಾಗವೇ ಇಲ್ಲದಿದ್ದರೆ?

ಈ ಕತೆ ಹೇಳುವಾಗ ಒಂದು ಮಾತು ಮರೆಯಬಾರದು. ಪಿಕ್ಕಾಸು ಹಿಡಿಯುವ ಮೊದಲು ನಾಯ್ಕರಿಗೆ ಎರಡು ಎಕ್ರೆ ಸಿಕ್ಕಿತ್ತು. ಅದು ಸಿಗದೆ ಇದ್ದಿದ್ದರೆ? ಅಷ್ಟೇ ಬೆವರು, ಅಷ್ಟೇ ಹಟ, ಆದರೆ ಕೊನೆಯವರೆಗೂ ಬೇರೆಯವರ ತೋಟದ ಕೂಲಿ. 1974ರ ಭೂಸುಧಾರಣೆ ಕಾಯಿದೆ ಬಂದಾಗ ಈ ಜಿಲ್ಲೆಯಲ್ಲಿ ಡಿಕ್ಲರೇಶನ್ ಕೊಟ್ಟು ಎಷ್ಟೋ ಒಕ್ಕಲುಗಳು ಭೂಮಿಯ ಒಡೆಯರಾದರು. ಒಡೆತನ ಕೈಗೆ ಬಂದ ಮೇಲೆ ತೆಂಗಿನ ಸಸಿ ನೆಟ್ಟರೆ ಮಕ್ಕಳಿಗಾದೀತು ಎಂಬ ಧೈರ್ಯ ಬಂತು. ಗೇಣಿಯ ಕಾಲದಲ್ಲಿ ಆ ಧೈರ್ಯ ಎಲ್ಲಿತ್ತು? “ಇದ್ದುದರಲ್ಲಿ ಬದುಕು ಮಾಡಿಕೊಳ್ಳಿ” ಎಂದು ಬಡವನಿಗೆ ಉಪದೇಶ ಮಾಡುವುದು ಸುಲಭ. ಇದ್ದುದು ಎಂದರೆ ಏನಾದರೂ ಇರಬೇಕು, ಮತ್ತು ಅದು ನಾಳೆಯೂ ತನ್ನದಾಗಿರುತ್ತದೆ ಎಂಬ ನಂಬಿಕೆ ಇರಬೇಕು.

ಹಾಗೆಂದು ಜಾಗ ಇಲ್ಲದವರೆಲ್ಲ ಕೈಕಟ್ಟಿ ಕೂತರೆಂದಲ್ಲ. ಬಸ್ಸಿನಲ್ಲಿ ಮಂಗಳೂರಿಗೆ ಹೋಗುವವರಿಗೆ ಹರೇಕಳ ಹಾಜಬ್ಬರ ಹೆಸರು ಗೊತ್ತೇ ಉಂಟು. ತೋಟವಿಲ್ಲ, ಅಂಗಡಿಯಿಲ್ಲ. ಬುಟ್ಟಿಯಲ್ಲಿ ಕಿತ್ತಳೆ ಇಟ್ಟುಕೊಂಡು ಮಂಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ಮಾರುತ್ತಿದ್ದವರು. ವಿದೇಶದವರಿಬ್ಬರು ಇಂಗ್ಲಿಷಿನಲ್ಲಿ ಹಣ್ಣಿನ ಕ್ರಯ ಕೇಳಿದಾಗ ಅವರಿಗೆ ಉತ್ತರ ಕೊಡಲಾಗಲಿಲ್ಲ. ಬ್ಯಾರಿ, ತುಳು ಬಿಟ್ಟು ಬೇರೆ ಭಾಷೆ ಕಲಿಯುವ ಅವಕಾಶ ಅವರಿಗೆ ಸಿಕ್ಕಿರಲಿಲ್ಲ. ಆ ನಾಚಿಕೆಯಿಂದ ಅವರು ತೆಗೆದ ತೀರ್ಮಾನ, ತನ್ನೂರು ನ್ಯೂಪಡ್ಪಿನ ಮಕ್ಕಳಿಗೆ ಶಾಲೆ ಬೇಕು ಎಂಬುದು. ಕಿತ್ತಳೆ ಮಾರಿ ಬಂದದ್ದರಲ್ಲಿ ಉಳಿಸಿದರು, ಕಚೇರಿಗಳಿಗೆ ಅಲೆದರು, ಕಂಡವರಲ್ಲಿ ಕೇಳಿದರು. ಮದ್ರಸಾದಲ್ಲಿ ಸುರುವಾದ ತರಗತಿ ಸರಕಾರಿ ಶಾಲೆಯಾಯಿತು, ಮುಂದೆ ಹೈಸ್ಕೂಲೂ ಆಯಿತು. 2020ರ ಸಾಲಿನ ಪದ್ಮಶ್ರೀ ಅವರಿಗೆ ಬಂತು. ಹಾಜಬ್ಬರಿಗೆ ಪರಿಸರ ಕೊಟ್ಟದ್ದು ಬಸ್ ಸ್ಟ್ಯಾಂಡಿನ ಜನಸಂದಣಿ ಮತ್ತು ಒಂದು ಬುಟ್ಟಿ. ಅಷ್ಟರಲ್ಲೇ ಕೆಲಸ ಆಯಿತು.

ಹಾಳೆ, ಹಲಸು, ಕೊಕ್ಕೋ

ಇನ್ನು ಪೆರಾಬೆಯ ಆಸುಪಾಸಿಗೆ ಬರೋಣ. ನೀರು ಬಿಟ್ಟು ಬೇರೆ ಎಂಥ ಉಂಟು ಎಂದರೆ ಪಟ್ಟಿ ಸಣ್ಣದೇನಲ್ಲ. ಅಡಿಕೆ ಮರದಿಂದ ಹಾಳೆ ತಾನಾಗಿ ಬೀಳುತ್ತದೆ. ಹಿಂದೆ ಅದರಿಂದ ತಲೆಗೆ ಮುಟ್ಟಾಳೆ ಆಗುತ್ತಿತ್ತು, ನೀರು ಮೊಗೆಯುವ ಪಡಿಗೆಯಾಗುತ್ತಿತ್ತು, ಮಗುವನ್ನು ಮೀಯಿಸಲು ಮಲಗಿಸುವ ಹಾಸಿಗೆಯೂ ಆಗುತ್ತಿತ್ತು. ನಡುವೆ ಒಂದಷ್ಟು ವರ್ಷ ತೋಟದಲ್ಲೇ ಕೊಳೆಯಿತು. ಆಮೇಲೆ ಹಾಳೆತಟ್ಟೆಯ ಯಂತ್ರ ಬಂತು. ಈಗ ಮದುವೆ ಮನೆಯ ಊಟ ಅದರಲ್ಲೇ. ಕಡಲು ದಾಟಿ ವಿದೇಶಕ್ಕೂ ತಟ್ಟೆ ಹೋಗುತ್ತದೆ. ಬಿದ್ದ ಹಾಳೆ ಅದೇ, ಮರವೂ ಅದೇ.

ಹಲಸಿನದ್ದೂ ಅದೇ ಕತೆ. ಆಷಾಢದಲ್ಲಿ ಹೊಟ್ಟೆ ತುಂಬಿಸುತ್ತಿದ್ದದ್ದು ಉಪ್ಪಿನಲ್ಲಿ ಹಾಕಿಟ್ಟ ಸೊಳೆ, ಬೇಯಿಸಿ ಒಣಗಿಸಿದ ಸಾಂತಣಿ, ಬೇಸಗೆಯಲ್ಲಿ ಮಾಡಿಟ್ಟ ಹಪ್ಪಳ. ಕೈಯಲ್ಲಿ ದುಡ್ಡು ಓಡಾಡಿದ ಮೇಲೆ ಹಲಸು ಬಡವರ ತಿಂಡಿಯೆಂದು ಮೂಲೆಗೆ ಬಿತ್ತು. ಮರದ ಬುಡದಲ್ಲಿ ಹಣ್ಣು ಕೊಳೆತು ನಾರುವುದು ಎಲ್ಲರೂ ಕಂಡದ್ದೇ. ಪುತ್ತೂರಿನಲ್ಲಿ 1988ರಲ್ಲಿ ಸುರುವಾದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಯಲ್ಲೇ ಬರೆಸಿ, ಇಂಥ ಸಂಗತಿಗಳನ್ನು ಮತ್ತೆ ಮತ್ತೆ ಮುಂದಕ್ಕೆ ತಂದಿತು. ಹಲಸಿನ ಮೇಳಗಳಾದವು. ಚಿಪ್ಸು, ಹಪ್ಪಳಕ್ಕೆ ಗಿರಾಕಿ ಬಂದರು. 2018ರಲ್ಲಿ ಪಕ್ಕದ ಕೇರಳ ಸರಕಾರ ಹಲಸನ್ನು ರಾಜ್ಯದ ಹಣ್ಣು ಎಂದೇ ಘೋಷಿಸಿತು. ಆಲಂಕಾರು, ಕಡಬದ ದಿನಸಿ ಅಂಗಡಿಯವರು ಇದರಲ್ಲಿ ಯೋಚಿಸಬೇಕಾದ್ದು ಉಂಟು. ಹೊರಗಿನಿಂದ ಬರುವ ಕಟ್ಟುಗಳ ನಡುವೆ ಊರ ಹಪ್ಪಳಕ್ಕೆ ಒಂದು ಗೇಣು ಜಾಗ ಕೊಟ್ಟರೆ ನಾಲ್ಕು ಮನೆಯ ಹೆಂಗಸರ ಕೈಗೆ ಕಾಸು ಬರುತ್ತದೆ.

ಆದರೆ ಎಲ್ಲವೂ ಒಬ್ಬೊಬ್ಬರಿಂದಲೇ ಆಗುವುದಿಲ್ಲ ಎಂಬುದಕ್ಕೆ ಕೊಕ್ಕೋ ಸಾಕ್ಷಿ. 1970ರ ದಶಕದಲ್ಲಿ ಅಡಿಕೆ ಮರದ ನೆರಳಿನಲ್ಲಿ ಕೊಕ್ಕೋ ಬೆಳೆಸಬಹುದೆಂದು ಗೊತ್ತಾಗಿ ಅನೇಕರು ಗಿಡ ನೆಟ್ಟರು. ದಶಕದ ಕೊನೆಗೆ ಧಾರಣೆ ಬಿತ್ತು, ಖರೀದಿ ಮಾಡುವವರು ಹಿಂದೆ ಸರಿದರು. ಬೀಜ ಒಣಗಿಸಿಟ್ಟು ಕೂತವರು ಸಿಟ್ಟಿನಲ್ಲಿ ಗಿಡ ಕಡಿದೂ ಹಾಕಿದರು. ಬೆಳೆಯುವ ಜಾಣತನ ಇದ್ದರೂ ಮಾರುವ ಜಾಗ ಕೈಯಲ್ಲಿರಲಿಲ್ಲ. ಆಗ ಕೈ ಹಿಡಿದದ್ದು ಕ್ಯಾಂಪ್ಕೊ. ಅಡಿಕೆ ಧಾರಣೆ ಪಾತಾಳಕ್ಕೆ ಹೋಗಿದ್ದ ದಿನಗಳ ಬೆನ್ನಿಗೇ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಬೆಳೆಗಾರರೇ ಕಟ್ಟಿಕೊಂಡ ಸಹಕಾರಿ ಸಂಸ್ಥೆ ಅದು. ಕೊಕ್ಕೋ ಖರೀದಿಗೂ ಅದು ಇಳಿಯಿತು. 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟು ಕಾರ್ಖಾನೆಯೇ ಬಂತು. ಅಡಿಕೆ ತೋಟದ ನೆರಳಿನಲ್ಲಿ ಬೆಳೆದದ್ದು ಊರಿನ ಹತ್ತಿರವೇ ಚಾಕಲೇಟಾಗಿ, ನಮ್ಮದೇ ಅಂಗಡಿಗಳ ಭರಣಿಗೆ ಬಂತು. ನೆರಳು ಎಲ್ಲರ ತೋಟದಲ್ಲೂ ಇತ್ತು. ಕಾರ್ಖಾನೆ ಕಟ್ಟಲು ಸಾವಿರಾರು ಮಂದಿ ಸೇರಬೇಕಾಯಿತು.

ಗುಡ್ಡೆಯ ನೆತ್ತಿ ಬೋಳಾದರೆ

ಈಗಿನ ಸಂಗತಿ ಸ್ವಲ್ಪ ಬೇರೆ. ಐದು ಸುರಂಗ ಸೋತು ಆರನೆಯದಕ್ಕೆ ಕೈ ಹಾಕುವ ತಾಳ್ಮೆ ಯಾರಿಗೂ ಇಲ್ಲ, ಇರಬೇಕೆಂದು ಒತ್ತಾಯಿಸುವುದೂ ಸರಿಯಲ್ಲ. ಸುರಂಗ ತೋಡುವವರೇ ಕಡಿಮೆಯಾಗಿದ್ದಾರೆ. ಲಾರಿ ಬಂದರೆ ಒಂದೇ ದಿನದಲ್ಲಿ ನೂರಾರು ಅಡಿ ಬೋರ್‌ವೆಲ್ ಆಗುತ್ತದೆ. ನೀರು ಬಂದರೆ ಹಬ್ಬ, ಬಾರದಿದ್ದರೆ ಸಾಲ. ಸುರಂಗದ ಗುಣ ಬೇರೆ. ಗುಡ್ಡೆ ಎಷ್ಟು ಬಿಡುತ್ತದೋ ಅಷ್ಟೇ ನೀರು. ಎಳೆದು ತೆಗೆಯುವಂತಿಲ್ಲ. ಹಾಗಾಗಿ ಸುರಂಗ ಇದ್ದವನು ಗುಡ್ಡೆಯನ್ನು ನೋಡಿಕೊಳ್ಳಲೇಬೇಕಿತ್ತು. ಜೆಸಿಬಿ ಹತ್ತಿಸಿ ನೆತ್ತಿಯನ್ನು ಬೋಳಿಸಿ ಸಪಾಟು ಮಾಡಿದರೆ ಮಳೆನೀರು ನಿಲ್ಲದೆ ಓಡುತ್ತದೆ. ಮೇಲಿನವನು ಮಾಡಿದ ಕೆಲಸಕ್ಕೆ ಕೆಳಗಿನವನ ಬಾವಿ ಬತ್ತುತ್ತದೆ.

ಒಂದೇ ಬೆಳೆ ನಂಬಿದವರ ಪಾಡನ್ನೂ ನೋಡಿದ್ದೇವೆ. ಸುಳ್ಯದ ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗಕ್ಕೆ ತೋಟಕ್ಕೆ ತೋಟವೇ ಹೋಯಿತು. ನಾಯ್ಕರ ಎರಡು ಎಕ್ರೆಯಲ್ಲಿ ಅಡಿಕೆಯ ಜೊತೆ ತೆಂಗು, ಗೇರು, ಬಾಳೆ, ಮೆಣಸು ಇದ್ದದ್ದು ಸುಮ್ಮನೆ ಅಲ್ಲ. ಸಣ್ಣ ಹಿಡುವಳಿಯವನಿಗೆ ಒಂದು ಕೈಕೊಟ್ಟರೆ ಇನ್ನೊಂದು ಇರಬೇಕು. ಕಾಸರಗೋಡು ಜಿಲ್ಲೆ ಬೆಳ್ಳೂರಿನ ಸತ್ಯನಾರಾಯಣ ಬೇಳೇರಿಯವರು ಇನ್ನೊಂದು ದಾರಿ ಹಿಡಿದರು. ವಿಸ್ತಾರದ ಗದ್ದೆಯಿಲ್ಲದೆಯೂ, ಚೀಲಗಳಲ್ಲಿ ಮಣ್ಣು ತುಂಬಿ ಭತ್ತ ಬೆಳೆಸಿ 650ಕ್ಕೂ ಹೆಚ್ಚು ತಳಿಗಳನ್ನು ಉಳಿಸಿದರು. 2024ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರು ಬಂತು.

ಪ್ರಶಸ್ತಿ ಎಲ್ಲರಿಗೂ ಬರುವುದಿಲ್ಲ, ಅದು ಬೇಕೆಂದೂ ಇಲ್ಲ. ಈ ಮೂವರೂ ಪ್ರಶಸ್ತಿ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಕೆಲಸಕ್ಕೆ ಇಳಿದವರು. ಒಬ್ಬರ ಮನೆಗೆ ನೀರು ಬೇಕಿತ್ತು. ಒಬ್ಬರ ಊರಿಗೆ ಶಾಲೆ ಬೇಕಿತ್ತು. ಒಬ್ಬರಿಗೆ ಬೀಜ ಉಳಿಯಬೇಕಿತ್ತು. ಬೇಕಾದದ್ದು ಏನು ಎಂಬುದು ಸ್ಪಷ್ಟವಿದ್ದ ಕಾರಣ ಸುತ್ತಮುತ್ತ ಏನಿದೆ ಎಂಬುದೂ ಕಣ್ಣಿಗೆ ಬಿತ್ತು.

ಡಿಸೆಂಬರಿನ ಕಟ್ಟ

ಪೆರಾಬೆಯವರಿಗೂ ಸುತ್ತಲಿನ ಗ್ರಾಮದವರಿಗೂ ಕೈಗೆಟಕುವ ಒಂದು ಕೆಲಸ ಇದೆ. ನವೆಂಬರು, ಡಿಸೆಂಬರಿನಲ್ಲಿ ತೋಡಿನ ನೀರು ಸಣ್ಣಗಾಗುವ ಮೊದಲು ಕಟ್ಟ ಕಟ್ಟುವುದು. ಕಲ್ಲು, ಮಣ್ಣು, ಸೊಪ್ಪು, ಈಗಿನ ಕಾಲಕ್ಕೆ ಮರಳು ಚೀಲ. ಹಿಂದೆ ಇದು ಊರಿನ ವಾಡಿಕೆಯೇ ಆಗಿತ್ತು. ಮಳೆ ಸುರುವಾಗುವ ಮೊದಲು ಬಿಚ್ಚಿದರೆ ಆಯಿತು. ಕಟ್ಟದಲ್ಲಿ ನಿಂತ ನೀರು ಇಕ್ಕೆಲದ ಬಾವಿಗಳಿಗೆ ಒರತೆಯಾಗಿ ಹೋಗುತ್ತದೆ. ಕಾಸರಗೋಡಿನ ಏತಡ್ಕದಲ್ಲಿ ಒಂದೇ ತೋಡಿಗೆ ಸಾಲಾಗಿ ಕಟ್ಟ ಕಟ್ಟುವ ಕ್ರಮ ಉಳಿದುಕೊಂಡು ಹೆಸರಾಗಿದೆ. ಮನೆಮನೆಗೆ ಪಂಪು ಬಂದ ಮೇಲೆ ನಮ್ಮಲ್ಲಿ ಹಲವೆಡೆ ಇದು ತಪ್ಪಿಹೋಯಿತು. ಕಟ್ಟ ಒಬ್ಬನಿಂದ ಆಗುವ ಕೆಲಸವಲ್ಲ. ಮೇಲಿನ ಮನೆ, ಕೆಳಗಿನ ಮನೆ, ಮಾತುಕತೆ ಇಲ್ಲದ ಪಕ್ಕದ ಮನೆ ಸಹ ಒಂದು ಆದಿತ್ಯವಾರ ತೋಡಿಗೆ ಇಳಿಯಬೇಕು. ಕಲ್ಲು ಹೊರುವುದಕ್ಕಿಂತ ಕಷ್ಟದ ಕೆಲಸ ಅದೇ.

ಬಸ್ಸಿನಲ್ಲಿ ಕೂತು ಕಿಟಕಿಯ ಹೊರಗೆ ಕೈ ತೋರಿಸುವವರು ಮುಂದಿನ ಸಲ ಪೆರಾಬೆಯ ಗುಡ್ಡೆಯನ್ನು ಇನ್ನೊಮ್ಮೆ ನೋಡಲಿ. ಮಳೆಗಾಲದಲ್ಲಿ ಅದರ ಮೇಲೆ ಬಿದ್ದ ನೀರು ಎಲ್ಲಿ ಹೋಯಿತು ಎಂದು ಪಕ್ಕದ ಸೀಟಿನವರಲ್ಲಿ ಕೇಳಲಿ. ಆಲಂಕಾರು ಬರುವುದರೊಳಗೆ ಇಬ್ಬರಿಗೆ ತೋಡು ನೆನಪಾದರೆ, ಕಡಬದಲ್ಲಿ ಇಳಿಯುವಾಗ ನಾಲ್ಕು ಮಂದಿಯ ಹೆಸರು ಬಾಯಿಗೆ ಬಂದರೆ, ಈ ಡಿಸೆಂಬರಿಗೆ ಒಂದು ಕಟ್ಟಕ್ಕೆ ಅಷ್ಟು ಜನ ಸಾಕು.